ಅಪ್‌ಡೇಟ್: ಸ್ತನದ ಬಯಾಪ್ಸಿ ಮುಗಿದು ವರದಿ ಬಂದಿದೆ

ಸ್ತನದ ಗಂಟಿಗೆ ಕೋರ್ ನೀಡಲ್ ಬಯಾಪ್ಸಿ (ಸೂಜಿಯಿಂದ ಗಂಟಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಹೇಳಿದ್ದಾರೆ, ತುಂಬ ನೋಯುತ್ತದೆಯೇ, ಆಸ್ಪತ್ರೆಯಲ್ಲಿ ಉಳಿಯಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಉಳಿಯಬೇಕಾಗಲಿಲ್ಲ. ಅಲ್ಟ್ರಾಸೌಂಡ್ ಪರದೆಯಲ್ಲಿ ಗಂಟನ್ನು ನೋಡುತ್ತಲೇ ವೈದ್ಯರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಉರಿಯೆನಿಸಿದ್ದು ಆಗ ಮಾತ್ರ. ಅನಂತರ ಚರ್ಮವನ್ನು ತುಸುವೇ ಕೊಯ್ದು ಸೂಜಿ ತೂರಿಸಿ, ಪ್ರತಿ ಬಾರಿಯೂ ಸ್ಟೇಪ್ಲರ್ ಒತ್ತಿದಂತೆ ‘ಟಕ್’ ಎಂಬ ಸದ್ದಿನೊಂದಿಗೆ ಸಣ್ಣ ಎಳೆಯಂಥ ತುಣುಕುಗಳನ್ನು ತೆಗೆದು ಅವು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಗೆ ಹಾಕಿದರು. ಆ ಸದ್ದನ್ನು ಮೊದಲೇ ಕೇಳಿಸಿ ತೋರಿಸದಿದ್ದರೆ ನಾನು ಖಂಡಿತ ಬೆಚ್ಚಿಬೀಳುತ್ತಿದ್ದೆ. ಹೊಲಿಗೆಯಿಲ್ಲ, ಸ್ವಲ್ಪ ಹೊತ್ತು ಒತ್ತಿ ಹಿಡಿದು ಪಟ್ಟಿ ಅಂಟಿಸಿದರು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು. ಚರ್ಮ ನೀಲಿಗಟ್ಟಿದ್ದು ನಿಧಾನವಾಗಿ ಮಾಸುತ್ತಿದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು. ವರದಿಯಲ್ಲಿ ಫೈಬ್ರೊಅಡಿನೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಂಟು, ಎಂದಿದೆ. 6 ತಿಂಗಳ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ.