ಪ್ಲಾಸ್ಟರ್ ಬಿಚ್ಚಿದ ಮೇಲೆ ತೊಡೆ ಬಡಕಲಾಗಿದೆ, ಮತ್ತೆ ತುಂಬಿಕೊಳ್ಳುತ್ತದಾ?

ತುಮಕೂರು ಹುಡುಗಿ: ಸ್ಕೂಟರಿಂದ ಬಿದ್ದು ಕಾಲು ಮುರಿದು, ಎಂಟು ವಾರ ತೊಡೆವರೆಗೂ ಪ್ಲಾಸ್ಟರ್. ನಿನ್ನೆ ಬಿಚ್ಚಿದರು. ಎಡ ತೊಡೆ 4 ಸೆಂ.ಮೀ. ಸಣ್ಣ. ಫಿಸಿಯೋ ಬೇಕಾ, ಮನೆಯಲ್ಲೇ ನಡೆದಾಡಿದರೆ ಸಾಕಾ?

ಹಳೇ ಕಬಡ್ಡಿ: 2019ರಲ್ಲಿ ರೈಡ್‌ಗೆ ಹೋದಾಗ ನನ್ನ ಎಸಿಎಲ್ (ಮಂಡಿಯೊಳಗಿನ ಕಟ್ಟುನಾರು) ಹರಿಯಿತು. ಆಪರೇಷನ್‌ಗೆ 1,85,000. ಫಿಸಿಯೋ ಸಲಕ್ಕೆ 500ರಂತೆ 42 ಸಲ, 21,000. ಆಟೋ ಖರ್ಚು ಬೇರೆ. ಮೊದಲ ದಿನ ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು "ತೊಡೆ ಬಿಗಿ ಮಾಡಿ" ಅಂದರು. ಹಲ್ಲು ಕಚ್ಚಿದೆ, ತೊಡೆ ಮಿಸುಕಲಿಲ್ಲ. ಅತ್ತುಬಿಟ್ಟೆ. ಹನ್ನೊಂದನೇ ದಿನ ಮಂಡಿಚಿಪ್ಪಿನ ಮೇಲೆ ಸ್ನಾಯುವಿನ ಒಂದು ಎಳೆ ಪಟಪಟ ಅಂತು. ಮೂರನೇ ತಿಂಗಳು ಆತುರಪಟ್ಟು ಮೆಟ್ಟಿಲು ಓಡಿ ಹತ್ತಿದೆ, ಮಂಡಿ ಊದಿ ಮೂರು ವಾರ ಹಾಳು. ಎಳೆಗಳು ಸತ್ತಿರುವುದಿಲ್ಲ, ಸೊರಗಿರುತ್ತವೆ ಅಷ್ಟೇ. ಸ್ನಾಯು ವಾಪಸ್ ಬಂದೇ ಬರುತ್ತದೆ. ದುಡ್ಡು ನೋಡಬೇಡಿ.

ಅಪ್ಪನ ಮಗ: "ಬಂದೇ ಬರುತ್ತದೆ" ಅಂತ ಸುಮ್ನೆ ಬರೆಯಬೇಡಿ. ನಮ್ಮಪ್ಪನ ಎದೆನೋವನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿಸಿ ಐದು ಗಂಟೆ ಕಳೆದೆವು. ಆಸ್ಪತ್ರೆಗೆ ಹೋದಾಗ ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಸೋರುವ ಪ್ರೋಟೀನ್) ಏರಿತ್ತು. ಈಗ ಎಕೋ ಸ್ಕ್ಯಾನಲ್ಲಿ ಹೃದಯದ ಪಂಪಿಂಗ್ ಶೇಕಡಾ 35. ಸತ್ತ ಜಾಗದಲ್ಲಿ ಬರೀ ಗಾಯದ ಕಲೆ. ಹೃದಯದಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಸ್ನಾಯು ಕೋಶವೂ ಹೊಸದಾಗಿ ಹುಟ್ಟುವುದಿಲ್ಲ. ಆ ಐದು ಗಂಟೆ ನನಗೆ ಈಗಲೂ ನಿದ್ದೆ ಕೊಡುವುದಿಲ್ಲ.

ಹಳೇ ಕಬಡ್ಡಿ: ಅವರು ಕೇಳಿದ್ದು ತೊಡೆ ಬಗ್ಗೆ. ತೊಡೆಯ ಎಳೆಗೆ ಅಂಟಿಕೊಂಡು ಸ್ಯಾಟಲೈಟ್ ಕೋಶಗಳಿರುತ್ತವೆ, ಹರಿದರೆ ಅವೇ ಎದ್ದು ರಿಪೇರಿ ಮಾಡುತ್ತವೆ. ಪಾಪ, ಹುಡುಗಿಯನ್ನು ಯಾಕೆ ಹೆದರಿಸುತ್ತೀರಿ?

ಅಪ್ಪನ ಮಗ: ಹಾಗಾದರೆ "ತೊಡೆ ಸ್ನಾಯು" ಅಂತ ಬರೆಯಿರಿ. ತೊಡೆ, ಹೃದಯ ಎರಡರ ಸ್ನಾಯುವಿನಲ್ಲೂ ಸೂಕ್ಷ್ಮದರ್ಶಕದಲ್ಲಿ ಕಾಣುವ ಅಡ್ಡ ಪಟ್ಟೆ ಇದೆ ಅಂತ ಎರಡೂ ಒಂದೇ ಆಗುವುದಿಲ್ಲ. ನಿಮ್ಮ ತೊಡೆ ಹೇಳಿದ ಮಾತು ಕೇಳಿತು. ಅಪ್ಪನ ಹೃದಯಕ್ಕೆ ಯಾರು ಹೇಳುವುದು?

ರಾಗಿ ಅಂಬಲಿ: ಕರುಳನ್ನು ಇಬ್ಬರೂ ಮರೆತಿರಿ. ಸೊಂಟ ಮುರಿದಾಗ ನನಗೆ ಟ್ರಮಡಾಲ್ ಅನ್ನೋ ನೋವಿನ ಮಾತ್ರೆ ಕೊಟ್ಟರು. ಆರು ದಿನ ಮಲಬದ್ಧತೆ, ಹೊಟ್ಟೆ ಕಲ್ಲಿನಂತೆ ಗಟ್ಟಿ. ಕರುಳಿನದು ಪಟ್ಟೆಯಿಲ್ಲದ ಸ್ನಾಯು, ನಿಧಾನಕ್ಕೆ ಹಿಂಡಿ ಹಿಂಡಿ ತಳ್ಳುತ್ತದೆ. ಆ ಮಾತ್ರೆ ಅದನ್ನೂ ಮಂಕು ಮಾಡುತ್ತದೆ ಅಂತ ಯಾರೂ ಹೇಳಿರಲಿಲ್ಲ. ಕಾಲಿನದು ಹುರುಳಿ ಸಾರಲ್ಲೇ ಬಂತು. ಪ್ರೋಟೀನ್ ಡಬ್ಬ ತರಬೇಡಿ, ಎರಡಕ್ಕೆ 6,400 ಸುರಿದೆ, ದಂಡ.

ಹಳೇ ಕಬಡ್ಡಿ: ವ್ಯಾಯಾಮ ಮಾಡದೆ ಕುಡಿದರೆ ದಂಡವೇ. ನಾನು ದಿನಾ ನಾಲ್ಕು ಮೊಟ್ಟೆ ತಿಂದೆ.

ರಾಗಿ ಅಂಬಲಿ: ವ್ಯಾಯಾಮ ಮಾಡಲಿಲ್ಲ ಅಂತ ನಿಮಗೆ ಯಾರು ಹೇಳಿದರು? ನಮ್ಮ ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲ.