ತಂಗಡಿ ಬೀಜ ಮೊಳೆಯುತ್ತಿಲ್ಲ, ಕಿತ್ತು ನೆಟ್ಟ ಗಿಡ ಬದುಕುತ್ತಿಲ್ಲ

ಕೆಂಪುಮಣ್ಣು, ಮಡಕಶಿರಾ
ಮನೆ ಮುಂದೆ 20 ಅಡಿ ಉದ್ದ, 6 ಅಡಿ ಅಗಲದ ಗರಸು ನೆಲ. ದಿನವಿಡೀ ಬಿಸಿಲು, ಬೋರಿನ ನೀರು ಕುಡಿಯೋದಕ್ಕೇ ಸಾಲದು. ಅಲ್ಲಿ ತಂಗಡಿ (ಆವರಿಕೆ) ಬೆಳೆಸಬೇಕು. ಬೀಜ ಬಿತ್ತಿ ತಿಂಗಳಾಯಿತು, ನೂರಕ್ಕೆ ನಾಲ್ಕೈದು ಮೊಳೆತಿವೆ. ರಸ್ತೆ ಬದಿಯ ಮೊಣಕಾಲೆತ್ತರದ ಗಿಡ ತಂದು ನೆಟ್ಟರೆ ವಾರದಲ್ಲೇ ಒಣಗಿದವು. ತಪ್ಪು ಎಲ್ಲಿ?

ಬೀಜದಬುಟ್ಟಿ, ರಾಯದುರ್ಗ
ಬೀಜ ಚೆನ್ನಾಗಿಯೇ ಇರಬಹುದು, ಸಿಪ್ಪೆ ಗಟ್ಟಿ, ನೀರು ಒಳಗಿಳಿಯೋಲ್ಲ. ಕಂದು ಬಣ್ಣಕ್ಕೆ ತಿರುಗಿ ಗಲಗಲ ಅನ್ನುವ ಕಾಯಿ ಬಿಡಿಸಿ, ಗುಂಡು ತೂತು ಬಿದ್ದ ಬೀಜ ಎಸೆಯಿರಿ. ಒಳಗಿನದನ್ನು ಹುಳ ತಿಂದಿರುತ್ತೆ. ನೀರು ಕುದಿಸಿ ಒಲೆಯಿಂದ ಇಳಿಸಿ, ಎರಡು ಮೂರು ನಿಮಿಷ ಬಿಟ್ಟು ಬೀಜ ಹಾಕಿ ರಾತ್ರಿಯಿಡೀ ಬಿಡಿ. ಒಲೆ ಮೇಲಿಟ್ಟು ಕುದಿಸಿದರೆ ಬೀಜ ಬೆಂದೇ ಹೋಗುತ್ತೆ. ಬೆಳಿಗ್ಗೆ ಉಬ್ಬಿದ್ದನ್ನು ಅಂದೇ ಬಿತ್ತಿ, ಉಬ್ಬದೆ ಉಳಿದದ್ದನ್ನು ಉಪ್ಪುಕಾಗದದ ಮೇಲೆ ಒಂದು ಮಗ್ಗುಲು ಉಜ್ಜಿ ಮತ್ತೆ ನೆನೆಸಿ.

ಕಿತ್ತ ಗಿಡ ಸಾಯೋದು ತಾಯಿಬೇರು ತುಂಡಾಗೋದರಿಂದ. ಅದಕ್ಕೇ ನೇರ ಗುಣಿಗೆ ಬಿತ್ತೋದು ಲೇಸು: ಮುಂಗಾರಿನ ಮೊದಲ ಹದ ಮಳೆಗೆ, ಗುಣಿಗೆ ಮೂರು ಬೀಜ, 1 ಸೆಂ.ಮೀ. ಆಳ, 4 ಅಡಿ ಅಂತರ. ಕೊನೆಗೆ ಒಂದೇ ಸಸಿ ಉಳಿಸಿ, ಉಳಿದವನ್ನು ಕೀಳದೆ ಕತ್ತರಿಸಿ.

ಕೆಂಪುಮಣ್ಣು
ಗೊಬ್ಬರ ಎಷ್ಟು ಸರ್? ನರ್ಸರಿ ಸಸಿ ಆಗುತ್ತಾ?

ಬಯಲುಸೀಮೆ, ಹೊಸೂರು
ಗೊಬ್ಬರ ಬೇಡವೇ ಬೇಡ. ಕೊಬ್ಬಿದ ಗಿಡ ಸೊಪ್ಪು ಬಿಡುತ್ತೆ, ಹೂ ಬಿಡೋಲ್ಲ. ಮೊದಲ ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ ಸಾಕು, ಆಮೇಲೆ ಮಳೆಯೇ ಗತಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತೆ, ಎರೆ ಮಣ್ಣಾದರೆ ದಿಬ್ಬ ಮಾಡಿ ನೆಡಿ.

ನರ್ಸರಿಯಲ್ಲಿ ಎಚ್ಚರ. ತಂಗಡಿ ಅಂದರೆ ಸೀಮೆ ತಂಗಡಿ ಕೊಟ್ಟುಬಿಡುತ್ತಾರೆ, ಅದು ದೊಡ್ಡ ಮರವಾಗುತ್ತೆ, 6 ಅಡಿ ಜಾಗಕ್ಕೆ ಹೊಂದೋಲ್ಲ. ಎಲೆದಂಟು ಕೊಂಬೆಗೆ ಸೇರುವ ಕಡೆ ನೋಡಿ: ನಮ್ಮ ತಂಗಡಿಗೆ ಅಲ್ಲಿ ಕಿವಿಯ ಹಾಗೆ ಅಗಲವಾದ ಹಸಿರು ಪುಟ್ಟ ಎಲೆಗಳು ಕೊಂಬೆಯನ್ನು ತಬ್ಬಿಕೊಂಡಿರುತ್ತವೆ. ಸೀಮೆ ತಂಗಡಿಯಲ್ಲಿ ಅವು ಕಣ್ಣಿಗೆ ಬೀಳದಷ್ಟು ಸಣ್ಣವು.

ಬೀಜದಬುಟ್ಟಿ, ರಾಯದುರ್ಗ
ಇನ್ನೊಂದು ಮಾತು. ಹೂ ಬರೋದು ಚಿಗುರಿನ ತುದಿಯಲ್ಲಿ, ಹೂವಿನ ಸುಗ್ಗಿ ಮುಗಿದ ಮೇಲೆ ಮೂರರಲ್ಲೊಂದು ಪಾಲು ಸವರಿ. ಎಲೆ ಮೇಲೆ ಹಸಿರು ಕಂಬಳಿಹುಳ ಕಂಡರೆ ಔಷಧಿ ಹೊಡೆಯಬೇಡಿ ಸರ್. ತಿಳಿ ಹಳದಿ ಚಿಟ್ಟೆಗಳು ಮೊಟ್ಟೆಯಿಡೋ ಗಿಡ ಇದು, ತಿಂದ ಎಲೆ ಮತ್ತೆ ಚಿಗುರುತ್ತೆ.