ಓದುಗರ ಸ್ಪಂದನ: ಕಿವಿ ಕೇಳದ ಹುಡುಗಿಗೆ ಹೊಲಿಗೆ ಕೆಲಸ ಕೊಡಲಾ?

ಕಳೆದ ವಾರದ ಪ್ರಶ್ನೆ: ಬಳ್ಳಾರಿಯಲ್ಲಿ ನನ್ನದು 22 ಮಷಿನ್‌ಗಳ ಜೀನ್ಸ್ ಯೂನಿಟ್. ಹತ್ತಿರದ ಹಳ್ಳಿಯವರೊಬ್ಬರು ಕಿವಿ ಕೇಳದ, ಮಾತು ಬಾರದ ಮಗಳನ್ನು ಕರೆತಂದು ಕೆಲಸ ಕೇಳಿದರು. ಹೊಲಿಗೆ ಬರುತ್ತದಂತೆ. ಅರ್ಧ ಕೂಲಿ ಕೊಟ್ಟರೂ ಸಾಕು ಅಂದರು. ನನಗೆ ಮನಸ್ಸಿದೆ. ನಮ್ಮಣ್ಣ ಮಾತ್ರ 'ಪುಣ್ಯ ಮಾಡೋಕೆ ಗುಡಿ ಇದೆ, ಯೂನಿಟ್ ಬೇಡ' ಅಂತಾನೆ. ಏನು ಮಾಡಲಿ?

*

ತಮ್ಮಾ, ನಿಮ್ಮಣ್ಣ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಪುಣ್ಯಕ್ಕೆ ಅಂತ ಕರೆಯಬೇಡ. ನನಗೆ ಮೂರು ವರ್ಷವಿದ್ದಾಗ ಪೋಲಿಯೋ ಬಂದು ಬಲಗಾಲು ಸಣ್ಣಗಾಯಿತು. ಮೊದಲ ಮಾಲೀಕರು ಪಾಪ ಅಂತ ಇಟ್ಟುಕೊಂಡರು, ದಾರ ಕತ್ತರಿಸೋದು ಬಿಟ್ಟು ಬೇರೇನೂ ಕೊಡಲಿಲ್ಲ. ಟೀ ಜಾಸ್ತಿ, ಬಟವಾಡೆ ಕಡಿಮೆ. ಎರಡನೆಯವರು ಕೈಗೆ ಕತ್ತರಿ ಕೊಟ್ಟರು, ಬಟ್ಟೆ ಹಾಳು ಮಾಡಿದಾಗ ಎಲ್ಲರಿಗೂ ಬೈಯುವ ಹಾಗೆ ನನಗೂ ಬೈದರು. ಅಲ್ಲೇ ಮಾಸ್ಟರ್ ಆದೆ.

ನೀನು ಅಪ್ಪನ ಜೊತೆ ಮಾತಾಡಿದೆ, ಸರಿ. ಆ ಹುಡುಗಿಯನ್ನು ಏನಾದರೂ ಕೇಳಿದೆಯಾ? ಪತ್ರದಲ್ಲಿ ಅದಿಲ್ಲ. ಹಿಂದಿನ ಪಾಕೆಟ್‌ದು ಒಂದು ಬಂಡಲ್ ಅವಳ ಮುಂದಿಡು, ಮಾದರಿಗೆ ಒಂದು ಪೀಸ್ ಕೊಡು. ಎರಡು ಸಾಲು ಹೊಲಿಗೆ ಸಮ ಬರುತ್ತಾ, ಮೂಲೆಯಲ್ಲಿ ಸೂಜಿ ಕೆಳಗಿದ್ದಾಗಲೇ ಬಟ್ಟೆ ತಿರುಗಿಸುತ್ತಾಳಾ ನೋಡು. ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಇನ್ನು ಹೊಲಿದ ಪೀಸಿಗೆ ಇಷ್ಟು ಅನ್ನುವ ಪೀಸ್ ರೇಟಲ್ಲಿ ಅರ್ಧ ಕೂಲಿ ಎಲ್ಲಿಂದ ಬಂತು? ಪಾಕೆಟ್ ಅರ್ಧ ಹೊಲೀತಾಳಾ?

— ಕಟಿಂಗ್ ಮಾಸ್ಟರ್, ಬಳ್ಳಾರಿ

*

ಅಣ್ಣಾ, ನಮ್ಮ ಲೈನಲ್ಲಿ ಪ್ಯಾಂಟಿಗೆ ಸೊಂಟದ ಬೆಲ್ಟ್ ಹೊಲಿಯುವ ಹುಡುಗನಿಗೆ ಕಿವಿ ಕೇಳಲ್ಲ. ಶುರುವಿನಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹಿಂದಿನಿಂದ ಹೋಗಿ ಹೆಗಲು ಮುಟ್ಟಿದೆ, ಬೆಚ್ಚಿಬಿದ್ದ, ಸೂಜಿ ಬೆರಳಿಗೆ ಇಳಿಯಿತು. ಅವತ್ತಿಂದ ಎಲ್ಲರೂ ಅವನ ಮೇಜಿನ ತುದಿ ತಟ್ಟುತ್ತೇವೆ. ಅದರುವುದು ಅವನ ಕೈಗೆ ಗೊತ್ತಾಗುತ್ತದೆ, ಪೆಡಲ್ ಮೇಲಿಂದ ಕಾಲು ತೆಗೆದು ತಿರುಗುತ್ತಾನೆ. ಬೆಲ್ ಜೊತೆ ಒಂದು ಕೆಂಪು ಬಲ್ಬ್ ಹಾಕಿಸಿ, ಊಟಕ್ಕೂ ಆಯಿತು, ಶಾರ್ಟ್ ಸರ್ಕ್ಯೂಟ್ ಆದರೆ ಎದ್ದು ಓಡೋಕೂ ಆಯಿತು. ಖರ್ಚು ಅಂದರೆ ಇಷ್ಟೇ.

ಕಿವಿ ಕೇಳದವರು ಹರಟೆ ಹೊಡೆಯಲ್ಲ, ಅದಕ್ಕೇ ಕೆಲಸ ಜಾಸ್ತಿ ಅಂತ ಕೆಲವರು ಹೇಳ್ತಾರೆ. ಸುಮ್ನೆ ಮಾತು. ಇವನು ಊಟದ ಹೊತ್ತಲ್ಲಿ ವಿಡಿಯೋ ಕಾಲ್ ಹಾಕಿ ಎರಡೂ ಕೈಯಲ್ಲಿ ಹರಟುತ್ತಾನೆ! ಆದರೆ ಒಂದು ನಿಜ. ದೀಪಾವಳಿ ಆರ್ಡರ್ ಬಂದಾಗ ಪೀಸಿಗೆ ಒಂದು ರೂಪಾಯಿ ಜಾಸ್ತಿ ಅಂದರೆ ಉಳಿದವರು ಪಕ್ಕದ ಯೂನಿಟ್‌ಗೆ ಹೋಗುತ್ತಾರೆ, ಇವನ ಮಷಿನ್ ಒಂದು ದಿನವೂ ಖಾಲಿ ಬಿದ್ದಿಲ್ಲ. ನಮ್ಮ ಮಾಲೀಕರು ಇದನ್ನು ನಿಯತ್ತು ಅಂತಾರೆ. ನನಗೇನೋ, ಬೇರೆ ಕಡೆ ಯಾರೂ ಕರೆಯಲ್ಲ ಅನ್ನುವ ಭಯವೂ ಇರಬಹುದು ಅನಿಸುತ್ತೆ. ಆ ಭಯದ ಮೇಲೆ ಲಾಭ ಮಾಡಬೇಡಿ, ಬೇರೆಯವರಿಗೆ ರೇಟ್ ಏರಿಸಿದ ದಿನ ಅವಳಿಗೂ ಏರಿಸಿ.

— ಲೈನ್ ಸೂಪರ್‌ವೈಸರ್, ಬಳ್ಳಾರಿ

*

ನಾನು ಸೋತವನು. ನಮ್ಮ ಅಕ್ಕಿ ಗಿರಣಿಯ ಲೆಕ್ಕಕ್ಕೆ ಕಾಲಿನ ತೊಂದರೆ ಇದ್ದ ಹುಡುಗನನ್ನು ತಗೊಂಡೆ. ಲೆಕ್ಕದಲ್ಲಿ ಪಕ್ಕಾ. ಎರಡೇ ತಿಂಗಳಿಗೆ ಬಿಟ್ಟು ಹೋದ. ಇಂಥವರು ನಿಲ್ಲಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಹಮಾಲಿ ಒಬ್ಬ ಹೇಳಿದ: ಆಫೀಸು ಮೇಲೆ, ಪಾಯಿಖಾನೆ ಕೆಳಗೆ, ನಡುವೆ ಹದಿನೇಳು ಮೆಟ್ಟಿಲು, ಹುಡುಗ ಇಡೀ ದಿನ ನೀರೇ ಕುಡಿಯುತ್ತಿರಲಿಲ್ಲ. ಮೇಜನ್ನು ಕೆಳಗಿಳಿಸಿದ್ದರೆ ಮುಗಿಯುತ್ತಿತ್ತು, ಅಲ್ವಾ?

— ಗಿರಣಿ ಮಾಲೀಕ, ಸಿಂಧನೂರು

*

ಲೆಕ್ಕದ ಮಾತು ನನ್ನದು. 22 ಮಷಿನ್ ಅಂದರೆ 10ಕ್ಕಿಂತ ಜಾಸ್ತಿ ಜನ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಲೇಬೇಕು. ಇದೆ ತಾನೇ? ಮಾಲೀಕರ ಪಾಲು ಸಂಬಳದ 3.25%. ಬೇರೆಯವರಿಗೆ ಇಎಸ್‌ಐ ಸಿಗುವ ಸಂಬಳದ ಮಿತಿ 21,000 ರೂಪಾಯಿ, ಅಂಗವಿಕಲರಿಗೆ 25,000. ಇಂಥವರನ್ನು ಕೆಲಸಕ್ಕೆ ತಗೊಂಡರೆ ಮಾಲೀಕರ ಪಾಲನ್ನು ಸರ್ಕಾರವೇ ಕೆಲವು ವರ್ಷ ಭರಿಸಲಿ ಅಂತ ಕೇಂದ್ರ 2008ರಲ್ಲಿ ಯೋಜನೆ ಮಾಡಿತ್ತು. ಈಗಿನ ನಿಯಮವನ್ನು ಇಎಸ್‌ಐ ಕಚೇರಿಯಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸದಲ್ಲಿ 4% ಮೀಸಲು ಇಟ್ಟಿದೆ. ಖಾಸಗಿಯವರಿಗೆ ಅಂಥ ಕಡ್ಡಾಯ ಇಲ್ಲ, 5% ಮುಟ್ಟಲಿ ಅಂತ ಪ್ರೋತ್ಸಾಹದ ಮಾತಷ್ಟೇ ಇದೆ. ಹುಡುಗಿಯ ಹತ್ತಿರ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆಯಾ ಕೇಳಿ. ಇಲ್ಲದಿದ್ದರೆ ಅವರ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸುತ್ತಾರೆ.

— ಅಕೌಂಟೆಂಟ್, ಕೊಪ್ಪಳ

*

ನನ್ನ ಮಗನಿಗೂ ಕಿವಿ ಕೇಳಲ್ಲ, ಅದಕ್ಕೇ ಬರೀತಿದ್ದೀನಿ. ಅರ್ಧ ಕೂಲಿ ಸಾಕು ಅಂದ ಆ ಅಪ್ಪನ ಮೇಲೆ ಸಿಟ್ಟಾಗಬೇಡಿ. ಹತ್ತು ಬಾಗಿಲು ತಿರುಗಿ ಬಂದವರ ಬಾಯಲ್ಲಿ ಬರುವ ಮಾತು ಅದು. ನಾನೂ ಅಂದಿದ್ದೇನೆ.

ಹಳ್ಳಿಗೆ ಕೊನೆಯ ಬಸ್ ಎಷ್ಟಕ್ಕೆ ಅಂತ ಮೊದಲು ವಿಚಾರಿಸಿ. ಓವರ್‌ಟೈಮ್ ಇದ್ದ ದಿನ 'ಪಾಪ, ಅವಳಿಗೆ ಬೇಡ' ಅಂತ ನೀವೇ ತೀರ್ಮಾನ ಮಾಡಬೇಡಿ, ಅವಳನ್ನೇ ಕೇಳಿ. ಬಸ್ ತಪ್ಪಿದರೆ ಅವಳು ಫೋನಲ್ಲಿ ಮಾತಾಡೋಕೆ ಆಗಲ್ಲ, ಮೆಸೇಜ್ ಹಾಕಬಹುದು. ನಂಬರ್ ಅವಳದ್ದು ತಗೊಳ್ಳಿ, ಅಪ್ಪನದಲ್ಲ.

— ಒಬ್ಬ ತಾಯಿ, ಗಂಗಾವತಿ